ತಪ್ಪೇ ಆಗದ ಅಡುಗೆ

ತರಕಾರಿಯನ್ನೆಲ್ಲ ಹೆಚ್ಚಿಟ್ಟು, ಪುಡಿಗಳನ್ನೆಲ್ಲ ಅಳೆದಿಟ್ಟು, "ಬನ್ನಿ, ನಿಮ್ಮ ಕೈಯಾರೆ ಡಬ್ಬಿಗೆ ತುಂಬಿಕೊಂಡು ಹೋಗಿ, ಮನೆಯಲ್ಲಿ ಬೇಯಿಸಿಕೊಳ್ಳಿ" ಎಂದು ಕರೆಯುವ ಅಡುಗೆಮನೆಗಳು ಈಗ ಬೀದಿಗೊಂದಾಗಿವೆ. ಅಲ್ಲಿಗೆ ಹೋಗುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಜನ ನನ್ನನ್ನು ಕೇಳುತ್ತಾರೆ. ನನಗೆ ಅಡುಗೆ ಬರುತ್ತದೆಂದಲ್ಲ. ನೀರು ಕಾಯಿಸಿದರೂ ತಳ ಹತ್ತಿಸುವ ವಂಶ ನಮ್ಮದು. ನಮ್ಮ ಭಾವ ಈ ವಿಷಯದಲ್ಲಿ ಮಾಡಿಕೊಂಡ ಫಜೀತಿ ಬೀದಿಗೆಲ್ಲ ಗೊತ್ತಾಗಿ, ಅವರ ಭಾವಮೈದುನನಾದ ತಪ್ಪಿಗೆ ನಾನು ಸಾಕ್ಷಿ ಹೇಳಬೇಕಾಗಿದೆ. ಹೇಳುತ್ತೇನೆ, ಆದರೆ ಮಧ್ಯೆ ಬಾಯಿ ಹಾಕಬೇಡಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ಒಂದು ಲಿಫ್ಟ್ ಕಂಪನಿಯಲ್ಲಿ ಫೋನಿನ ಮುಂದೆ ಕೂತು ದೂರು ಕೇಳುವುದು ಅವರ ಉದ್ಯೋಗ. ಎಲ್ಲಿ ಯಾವ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಹೋದರೂ ಒಳಗೆ ಸಿಕ್ಕಿಕೊಂಡವರು ಮೊದಲು ಬೈಯುವುದು ನಮ್ಮ ಭಾವನನ್ನು. ಅವರು ಲಿಫ್ಟನ್ನು ಮುಟ್ಟಿದವರೇ ಅಲ್ಲ. ನಾವಿರುವ ಕಟ್ಟಡಕ್ಕಂತೂ ಲಿಫ್ಟೇ ಇಲ್ಲ. ಆದರೂ ಬೆಳಗಿನಿಂದ ಸಂಜೆಯವರೆಗೆ "ಕ್ಷಮಿಸಿ ಸಾರ್, ನಮ್ಮಿಂದ ತಪ್ಪಾಯ್ತು ಸಾರ್" ಎಂದು ಹೇಳಿ ಹೇಳಿ, ಮನೆಯಲ್ಲಿ ಬಾಗಿಲು ತಲೆಗೆ ತಗುಲಿದರೆ ಬಾಗಿಲಿಗೂ ಕ್ಷಮೆ ಕೇಳುವ ಸ್ಥಿತಿಗೆ ಬಂದಿದ್ದರು.

ನಮ್ಮ ಕಟ್ಟಡದ ತುತ್ತತುದಿಯ ಒಂಟಿ ಕೋಣೆಯಲ್ಲಿ ಜಡ್ಜ್ ಸಾಹೇಬರಿದ್ದರು. ನಿಜಕ್ಕೂ ಜಡ್ಜ್ ಅಲ್ಲ. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಜವಾನರಾಗಿದ್ದು ನಿವೃತ್ತರಾದವರು. ಆಯುಸ್ಸಿಡೀ ಬೇರೆಯವರ ತೀರ್ಪುಗಳನ್ನು ಬಾಗಿಲಾಚೆಯಿಂದ ಕೇಳಿದ ಮನುಷ್ಯನಿಗೆ ತಾನೂ ಒಂದು ತೀರ್ಪು ಕೊಡಬೇಕೆಂಬ ಆಸೆ ಉಳಿಯದೆ ಇರುತ್ತದೆಯೇ? ಆ ಆಸೆಯನ್ನು ತೀರಿಸಿದ್ದು ನಮ್ಮ ಕಟ್ಟಡದ ಹೆಂಗಸರು. ಸಂಜೆ ಒಲೆಯ ಮೇಲಿಂದ ಪಾತ್ರೆ ಇಳಿಸಿದ ಕೂಡಲೇ ಒಂದು ಬಟ್ಟಲು ತುಂಬಿ ಮೇಲಕ್ಕೆ ಕಳಿಸುವರು: "ಜಡ್ಜ್ ಸಾಹೇಬ್ರೇ, ಉಪ್ಪು ಖಾರ ಸರಿಯಿದೆಯಾ ನೋಡಿ ಹೇಳ್ತೀರಾ?" ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಟ್ಟಲನ್ನು ಪೂರ್ತಿ ಮುಗಿಸಿ ("ಅರ್ಧ ಸಾಕ್ಷಿ ಕೇಳಿ ತೀರ್ಪು ಕೊಡಬಾರದಮ್ಮ"), ತೊಳೆದ ಬಟ್ಟಲಿನ ಜೊತೆಗೆ ತೀರ್ಪನ್ನೂ ಹಿಂದಕ್ಕೆ ಕಳಿಸುವರು. "ಉಪ್ಪಿನ ಆಪಾದನೆಯಿಂದ ಖುಲಾಸೆ. ಆದ್ರೆ ಬಟಾಣಿ ಬೆಂದಿಲ್ಲ, ಆ ಕೇಸು ನಾಳೆಗೆ ಮುಂದೂಡಲಾಗಿದೆ."

ಕಥೆಗಾರರ ಹಾಗೆ ಗುಟ್ಟು ಮುಚ್ಚಿಟ್ಟು ಕೊನೆಗೆ ಢಂ ಎನ್ನಿಸುವ ಚಾಳಿ ನನಗಿಲ್ಲ. ಆಗ ನಮಗೆ ಯಾರಿಗೂ ಗೊತ್ತಿರದ ಸಂಗತಿಯನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಜಡ್ಜ್ ಸಾಹೇಬರ ಕೈ ನಡುಗುತ್ತಿತ್ತು. ಒಮ್ಮೆ ಒಲೆ ಹಚ್ಚಲು ಹೋಗಿ ಟವೆಲ್ಲಿಗೆ ಬೆಂಕಿ ಹತ್ತಿಸಿಕೊಂಡ ಮೇಲೆ ಅವರು ಒಲೆಯ ಸಹವಾಸವನ್ನೇ ಬಿಟ್ಟಿದ್ದರು. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬಾಳೆಹಣ್ಣು, ಸಂಜೆ ನಮ್ಮ ನಾಲ್ಕು ಮನೆಗಳ ನಾಲ್ಕು ಬಟ್ಟಲು. ಪ್ರತಿ ಮನೆಯವರೂ ತಾವು ರುಚಿ ತೋರಿಸುತ್ತಿದ್ದೇವೆ ಎಂದುಕೊಂಡಿದ್ದರು. ನಾಲ್ಕೂ ಸೇರಿದರೆ ಅದೇ ಆ ಮನುಷ್ಯನ ದಿನದ ಒಂದೇ ಬಿಸಿ ಊಟ. "ಬನ್ನಿ, ನಮ್ಮನೇಲೇ ಊಟ ಮಾಡಿ" ಎಂದು ಯಾರಾದರೂ ಕರೆದರೆ ಮಾತ್ರ "ನನ್ನ ಊಟ ಆಯ್ತಪ್ಪ" ಎಂದುಬಿಡುತ್ತಿದ್ದರು. ಕೆಲಸ ಮಾಡದೆ ಉಣ್ಣುವ ಜಾಯಮಾನ ಅವರದಲ್ಲ.

ಇನ್ನು ಕಥೆ. ಅಕ್ಕ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಯಾವುದೋ ದೊಡ್ಡ ಹೋಟೆಲಿನ ಕಿಟಕಿಗಳಿಗೆಲ್ಲ ಪರದೆ ಬೇಕಾಗಿ, ಬೆಳಿಗ್ಗೆ ಹೋದವಳು ದೀಪ ಹಚ್ಚಿದ ಮೇಲೆ ಬರುವಂತಾಯಿತು. ಬಂದು ಚಪ್ಪಲಿ ಬಿಡುವ ಮುಂಚೆಯೇ ಒಲೆಯ ಮುಂದೆ. ಒಂದು ಸಂಜೆ ಸ್ನಾನಕ್ಕೆ ಹೋಗುತ್ತಾ, "ರೀ, ಪಾತ್ರೆ ನೋಡ್ಕೊಳಿ, ತಳ ಹತ್ತತ್ತೆ" ಎಂದಳು. ಭಾವ ನೋಡಿಕೊಂಡರು. ಅಷ್ಟರಲ್ಲಿ ಲಿಫ್ಟಿನಲ್ಲಿ ಸಿಕ್ಕಿಕೊಂಡ ಹೆಂಗಸೊಬ್ಬಳ ಫೋನು ಬಂತು. "ಹೆದರ್ಬೇಡಿ ಮೇಡಂ, ಉದ್ದಕ್ಕೆ ಉಸಿರು ತಗೊಳ್ಳಿ" ಎಂದು ಅವಳನ್ನು ಸಮಾಧಾನ ಮಾಡುತ್ತಲೇ ಪಾತ್ರೆಯನ್ನು ನೋಡುತ್ತಿದ್ದರು. ಅದು ಕಂದಾಗಿ, ಕಪ್ಪಾಗಿ, ಹೊಗೆಯಾಗುವವರೆಗೂ ಕಣ್ಣು ಕೀಳದೆ ನೋಡಿದರು. ಒಲೆ ಆರಿಸು ಎಂದು ಅಕ್ಕ ಹೇಳಿರಲಿಲ್ಲವಲ್ಲ!

ಅಕ್ಕ ಬಂದು ಪಾತ್ರೆ ನೋಡಿದಳು. ಬೈಯಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು, ಒದ್ದೆ ಕೂದಲಲ್ಲೇ, ಬಿಕ್ಕಿ ಬಿಕ್ಕಿ ಅತ್ತಳು. ಭಾವ ಎರಡು ಸಲ ಕ್ಷಮಿಸಿ ಎಂದರು. ಹೆಂಡತಿ ಅತ್ತದ್ದು ಅವರ ಎದೆಗೆ ನಾಟಿತ್ತು. ಅದನ್ನು ನಾನು ಗೇಲಿ ಮಾಡುವುದಿಲ್ಲ.

ಮಾರನೆಯ ದಿನವೇ ಅವರು ಹಿಂದಿನ ಬೀದಿಯ ಆ ಹೊಸ ಅಡುಗೆಮನೆಯನ್ನು ಪತ್ತೆ ಮಾಡಿದರು. ಮೊದಲು ಕುರ್ಚಿ ಮೇಜು ಮಾರುತ್ತಿದ್ದ ಅಂಗಡಿ ಅದು. ಈಗ ಒಳಗೆ ಉದ್ದುದ್ದ ಸ್ಟೀಲಿನ ಕಟ್ಟೆಗಳು. ಕಟ್ಟೆಯ ಗುಳಿಗಳಲ್ಲಿ ಒಂದೇ ಅಳತೆಗೆ ಹೆಚ್ಚಿದ ಕ್ಯಾರೆಟ್ಟು, ಬೀನ್ಸು, ಈರುಳ್ಳಿ. ಮೇಲೆ ಯಾವುದನ್ನು ಎಷ್ಟು ಹಾಕಬೇಕೆಂದು ಬರೆದ ಹಲಗೆ. ನಾವು ಏಪ್ರನ್ ಕಟ್ಟಿಕೊಂಡು, ಟೋಪಿ ಹಾಕಿಕೊಂಡು, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಸರಿಯುತ್ತಾ ಡಬ್ಬಿ ತುಂಬಬೇಕು. ಮನೆಗೆ ತಂದು ಫ್ರೀಜರಿನಲ್ಲಿಟ್ಟರೆ ವಾರವಿಡೀ ಒಂದೊಂದೇ ತೆಗೆದು ಬೇಯಿಸಿಕೊಳ್ಳಬಹುದು. ಅಲ್ಲಿನ ಮೇಲ್ವಿಚಾರಕಿ ಸಣ್ಣ ವಯಸ್ಸಿನ ಹುಡುಗಿ, ಆದರೆ ಕಣ್ಣು ಪೊಲೀಸಿನವರದು.

ನಾವು ಮೂವರೂ ಹೋದೆವು. ಅಕ್ಕ ರೂಢಿಯಂತೆ ಒಂದು ಚಿಟಿಕೆ ಮೆಣಸಿನ ಪುಡಿಯನ್ನು ಮೇಲಿಷ್ಟು ಉದುರಿಸಿದಳು. ಹುಡುಗಿ ಎಲ್ಲಿಂದಲೋ ಬಂದು ಪುಟ್ಟ ಚಮಚದಲ್ಲಿ ಅದನ್ನು ವಾಪಸು ತೆಗೆದಳು.

"ಅಮ್ಮ, ಇಲ್ಲಿ ಚಿಟಿಕೆ ಇಲ್ಲ."

"ಚಿಟಿಕೆ ಇಲ್ದೆ ಅಡುಗೆ ಹ್ಯಾಗಮ್ಮ?"

"ಚಿಟಿಕೆ ಇಲ್ಲ, ಅದಕ್ಕೇ ಇಲ್ಲಿ ಅಡುಗೆ ಕೆಡಲ್ಲ."

"ಕ್ಷಮಿಸಿ ಮೇಡಂ, ನಮ್ಮಿಂದ ತಪ್ಪಾಯ್ತು" ಎಂದರು ಭಾವ, ಅವರ ಟೋಪಿ ಹಿಂದುಮುಂದಾಗಿತ್ತು. ಉಳಿದ ಕಟ್ಟೆಗಳನ್ನು ಅವರು ಮದ್ದುಗುಂಡು ತುಂಬುವವರಂತೆ ಉಸಿರು ಬಿಗಿಹಿಡಿದು ದಾಟಿದರು.

ಆದರೆ ನ್ಯಾಯ ಹೇಳಬೇಕು. ಆ ವಾರ ನಮ್ಮ ಮನೆಯಲ್ಲಿ ಒಂದು ಅಪೂರ್ವ ದೃಶ್ಯ ಕಂಡೆ. ಸಂಜೆ ಅಕ್ಕ ಕುರ್ಚಿಯಲ್ಲಿ ಕೂತು, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ, ಕಿಟಕಿಯಾಚೆ ನೋಡುತ್ತಿದ್ದಳು. ಸುಮ್ಮನೆ! ಒಳಗೆ ಭಾವ ಡಬ್ಬಿಯನ್ನು ಪಾತ್ರೆಗೆ ಸುರಿದು, ಗಡಿಯಾರ ನೋಡಿ, ಒಲೆ ಆರಿಸಿ, ತಟ್ಟೆ ಹಾಕಿದರು. ರುಚಿ ಚೆನ್ನಾಗಿತ್ತು. ಎರಡನೆಯ ದಿನವೂ ಚೆನ್ನಾಗಿತ್ತು. ಇಂಥ ಅಡುಗೆಮನೆ ದಂಡ ಎನ್ನುವ ಪಂಡಿತರು ದುಡಿದು ಬಂದ ಹೆಂಗಸಿನ ಪಾದ ನೋಡಿಲ್ಲವೆಂದೇ ನನ್ನ ಅಭಿಪ್ರಾಯ.

ಭಾವ ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ಒಂದು ಯಶಸ್ಸು ಸಿಕ್ಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು. ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಉಪದೇಶ. "ಕೈ ಕೆಸರಾಗದೇನೇ ಬಾಯಿ ಮೊಸರು, ಗೊತ್ತಾ? ತಪ್ಪಾಗೋ ಮಾತೇ ಇಲ್ಲ!" ಎದುರುಮನೆಯ ಕನ್ನಡಕದಂಗಡಿಯವರು ಹೆಂಡತಿಯೊಡನೆ ಹೋಗಿಬಂದರು. ಎರಡನೆಯ ಮಹಡಿಯ ಲೈಬ್ರರಿ ಮೇಡಂ ಹೋದರು; ಎಲ್ಲವೂ ಅದರದರ ಗುಳಿಯಲ್ಲಿ ಸಾಲಾಗಿರುವುದನ್ನು ನೋಡಿ ಅವರ ಕಣ್ಣಲ್ಲಿ ನೀರು ಬಂತಂತೆ. ಕಡೆಗೆ ಕೆಳಮನೆಯ ಸೆಕ್ರೆಟರಿ, ಅಂದರೆ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ, "ನಾನು ಪರಿಶೀಲನೆಗೆ ಅಂತ ಹೋಗಿದ್ದೆ" ಎನ್ನುತ್ತಾ ಎರಡು ಚೀಲ ಡಬ್ಬಿ ಹೊತ್ತು ತಂದರು.

ಆ ಅಡುಗೆಮನೆಯಲ್ಲಿ ವಾರಕ್ಕೆ ಇಂತಿಷ್ಟೇ ಬಗೆ. ಹಾಗಾಗಿ ಮೆಟ್ಟಿಲ ಉದ್ದಕ್ಕೂ ಒಂದೇ ವಾಸನೆ. ಒಂದು ಸಂಜೆ ಕನ್ನಡಕದಂಗಡಿಯವರು ನೇರ ನಮ್ಮ ಮನೆಯೊಳಗೆ ಬಂದು, ಶರ್ಟಿನ ಗುಂಡಿ ಬಿಚ್ಚಿಕೊಂಡು, ಮೇಜಿನ ಮುಂದೆ ಕೂತು, "ಬಡಿಸೇ" ಎಂದರು. ಅಕ್ಕ ಒಂದು ಲೋಟ ನೀರು ಕೊಟ್ಟಳು. ಅರ್ಧ ಲೋಟ ಕುಡಿದ ಮೇಲೆ ಅವರು ಗೋಡೆಯ ಬಣ್ಣ ನೋಡಿ, "ಅಯ್ಯಯ್ಯೋ" ಎಂದು ಎದ್ದು ಓಡಿದರು. ಕನ್ನಡಕ ಮಾರುವವರ ಗತಿಯೇ ಇದಾದರೆ!

ಈ ಸಂಭ್ರಮದಲ್ಲಿ ಯಾರೂ ಗಮನಿಸದ ಒಂದು ಸಂಗತಿ ನಡೆಯಿತು. ಡಬ್ಬಿಗಳು ತಲೆ ಎಣಿಸಿ ಮಾಡಿದವು. ಮೂರು ಜನರದೆಂದರೆ ಮೂರೇ ಜನಕ್ಕೆ. ಒಂದು ಸೌಟು ಹೆಚ್ಚಿಲ್ಲ. ಉಪ್ಪು ಖಾರ ಸರಿಯಿದೆಯಾ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಸರಿಯಿದ್ದೇ ಇರುತ್ತದೆ. ಮೇಲಕ್ಕೆ ಬಟ್ಟಲು ಹೋಗುವುದು ಮೊದಲು ನಮ್ಮ ಮನೆಯಿಂದ ನಿಂತಿತು. ನಾವು ಕಳಿಸದಿದ್ದರೇನು, ಉಳಿದ ಮೂವರಿದ್ದಾರಲ್ಲ ಎಂದುಕೊಂಡೆವು, ಅದೂ ಎಂದಾದರೂ ನೆನಪಾದಾಗ. ಆ ಮೂವರೂ ಹಾಗೆಯೇ ಅಂದುಕೊಂಡರು.

ಜಡ್ಜ್ ಸಾಹೇಬರು ಸಂಜೆ ಮಾಮೂಲಿ ಹೊತ್ತಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತೇ ಇರುತ್ತಿದ್ದರು. ಕೆಲವು ದಿನಗಳ ಮೇಲೆ ಮೆಟ್ಟಿಲ ತುದಿಗೆ ಬಂದು ನಿಲ್ಲತೊಡಗಿದರು, ಕೈಯಲ್ಲೊಂದು ಪೇಪರು. ಆಮೇಲೆ ಒಂದು ಮಹಡಿ ಇಳಿದು ನಿಂತರು. ಯಾರಾದರೂ ಕಂಡರೆ ತಲೆಯಾಡಿಸಿ ಮೇಲೆ ಹೋಗಿಬಿಡುವರು. ಮೊದಲಾಗಿದ್ದರೆ ಮೂರು ಮಹಡಿಗೂ ಕೇಳುವಂತೆ ಮಾತಾಡುತ್ತಿದ್ದ ಗಂಟಲು ಅದು.

ಇದನ್ನು ಗಮನಿಸಿದವರು ಭಾವ. ದೂರು ಕೇಳುವ ಕಸುಬಿನವರಲ್ಲವೇ, ಮೌನದ ವಾಸನೆ ಬೇಗ ಹಿಡಿದರು. ಹಿಡಿದದ್ದು ಸರಿ, ಅರ್ಥ ಮಾಡಿಕೊಂಡದ್ದು ಅಡ್ಡಡ್ಡ.

"ಅವರಿಗೆ ನಮ್ಮೇಲೆ ಏನೋ ಕೋಪ ಇದೆ" ಎಂದರು. "ನನಗೆ ಅನುಭವ ಇದೆ ಕಣಯ್ಯ. ಬಾಯಿಗೆ ಬಂದ ಹಾಗೆ ಬೈಯೋ ಗಿರಾಕಿ ದೇವರಂಥೋನು. ಸುಮ್ಮನಾಗಿಬಿಟ್ಟ ಅಂದ್ರೆ ಲಾಯರ್ ಹತ್ರ ಹೋಗಿದಾನೆ ಅಂತಲೇ ಲೆಕ್ಕ."

ಹೀಗೆಂದು ನನಗೆ ಹೇಳಿದ್ದು ಮೆಟ್ಟಿಲ ಮೇಲೆ. ಕೆಳಗೆ ಸೆಕ್ರೆಟರಿಯ ಬಾಗಿಲು ಅರ್ಧ ತೆರೆದಿತ್ತು.

ಭಾವ ಮೇಲೆ ಹೋಗಿ ಕೈಕಟ್ಟಿ ನಿಂತರು. "ಸಾಹೇಬ್ರೇ, ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ದಯವಿಟ್ಟು ಹೇಳ್ಬೇಕು."

"ಏನೂ ಇಲ್ಲಪ್ಪ."

"ಮನಸ್ಸಿನಲ್ಲಿ ಇಟ್ಕೋಬೇಡಿ."

"ಮನಸ್ಸಿನಲ್ಲೂ ಇಲ್ಲ." ಜಡ್ಜ್ ಸಾಹೇಬರು ಭಾವನ ಕೈಗಳನ್ನು ನೋಡಿದರು. ಎರಡೂ ಖಾಲಿ. "ಎಲ್ಲರೂ ಆರಾಮವಾಗಿದೀರಾ? ಅಡುಗೆ ಎಲ್ಲ ಚೆನ್ನಾಗಿ ಆಗ್ತಿದೆಯಾ?"

"ಬಹಳ ಚೆನ್ನಾಗಿ ಆಗ್ತಿದೆ ಸಾರ್! ಒಂದು ದಿನವೂ ತಪ್ಪಾಗಿಲ್ಲ!"

"ಒಳ್ಳೇದಾಯ್ತು" ಎಂದು ಅವರು ಪೇಪರು ಬಿಡಿಸಿದರು. ಭಾವ ಕೆಳಗೆ ಬಂದು, "ಏನೂ ಇಲ್ಲ ಅಂದ್ರು. ಅಂದ್ರೆ ದೊಡ್ಡದೇ ಇದೆ" ಎಂದು ತೀರ್ಮಾನ ಕೊಟ್ಟರು.

ಅಷ್ಟು ಹೊತ್ತಿಗೆ ಸೆಕ್ರೆಟರಿಗೆ ಬೆವರು ಬಂದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರಿಗೆ ತಾರಸಿಯ ನೀರಿನ ಟ್ಯಾಂಕು ನೆನಪಾಯಿತು. ಅದು ತುಂಬಿ ಹರಿದಾಗೆಲ್ಲ ನೀರು ಬೀಳುವುದು ಜಡ್ಜ್ ಸಾಹೇಬರ ಕಿಟಕಿಯ ಮೇಲೆ. ರಿಪೇರಿ ಮಾಡಿಸುತ್ತೇನೆಂದು ಹೇಳಿ ಮರೆತು ಎಷ್ಟೋ ಕಾಲವಾಗಿತ್ತು. ಈಗ ಈ ಮನುಷ್ಯನೋ ಕೋರ್ಟಿನಲ್ಲೇ ತಲೆ ಹಣ್ಣು ಮಾಡಿಕೊಂಡವರು. ಒಳಗೆ ಎಷ್ಟು ಜನ ಪರಿಚಯವೋ! "ಕೇಸು ಹಾಕ್ತಾರಂತೆ" ಎಂದು ಸೆಕ್ರೆಟರಿ ಕನ್ನಡಕದವರಿಗೆ ಹೇಳಿದರು. "ಹಾಕಿದಾರಂತೆ" ಎಂದು ಕನ್ನಡಕದವರು ಲೈಬ್ರರಿ ಮೇಡಂಗೆ ಹೇಳಿದರು. "ನಮ್ಮೆಲ್ಲರ ಹೆಸರೂ ಇದೆಯಂತೆ" ಎಂದು ಲೈಬ್ರರಿ ಮೇಡಂ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದರು.

ಆಮೇಲೆ ನಮ್ಮ ಕಟ್ಟಡ ಕಂಡ ಅಭಿವೃದ್ಧಿಯನ್ನು ಏನೆಂದು ವರ್ಣಿಸಲಿ! ಟ್ಯಾಂಕು ರಿಪೇರಿಯಾಯಿತು. ಮೆಟ್ಟಿಲಿಗೆ ಹೊಸ ಬಲ್ಬು ಬಂತು. ಅಲ್ಲಾಡುತ್ತಿದ್ದ ಮೆಟ್ಟಿಲ ಕಂಬಿಗೆ ಮೊಳೆ ಬಿತ್ತು. ಜಡ್ಜ್ ಸಾಹೇಬರ ಬಾಗಿಲಿಗೆ ಬಣ್ಣ ಬಳಿಯಲು ಬಂದವನನ್ನು ನೋಡಿ ಅವರೇ ಹೆದರಿ, "ಯಾರಪ್ಪ ಹೇಳಿದ್ದು?" ಎಂದರು. "ನಿಮಗೆ ತೃಪ್ತಿ ಆಗೋವರೆಗೂ ಬಿಡಲ್ಲ ಸಾರ್!" ಎಂದು ಕೆಳಗಿನಿಂದ ಸೆಕ್ರೆಟರಿ ಕೂಗಿದರು. ಕನ್ನಡಕದವರು ತಮ್ಮ ಪಾಲಿಗೆ ಕಣ್ಣು ಪರೀಕ್ಷಿಸಿ ಹೊಸ ಕನ್ನಡಕ ಮಾಡಿಸಿ ತಂದು, ತಾವೇ ಮೂಗಿನ ಮೇಲೆ ಕೂರಿಸಿದರು.

"ಹ್ಯಾಗಿದೆ ಸಾಹೇಬ್ರೇ?"

ಜಡ್ಜ್ ಸಾಹೇಬರು ಬಾಗಿಲಾಚೆ ನೋಡಿದರು. "ಬಹಳ ಸ್ಪಷ್ಟವಾಗಿ ಕಾಣತ್ತಪ್ಪ. ಮೆಟ್ಟಿಲು ಕಾಣತ್ತೆ. ಮೆಟ್ಟಿಲ ಮೇಲೆ ಯಾರೂ ಬರ್ತಿಲ್ಲ ಅನ್ನೋದೂ ಕಾಣತ್ತೆ."

ಈ ಮಾತು ಕೆಳಗಿಳಿಯುವಷ್ಟರಲ್ಲಿ ಭಾವ ಅದನ್ನು ಬಿಡಿಸಿ ಅರ್ಥ ಹೇಳಿದರು: ನಾವು ಒಬ್ಬೊಬ್ಬರೇ ಹೋದದ್ದು ತಪ್ಪು, ಎಲ್ಲರೂ ಒಟ್ಟಾಗಿ ಹೋಗಿ ಮರ್ಯಾದೆಯಿಂದ ಮಾತಾಡಿಸಬೇಕು. ಅವರ ಕಂಪನಿಯಲ್ಲಿ ಲಿಫ್ಟು ತೀರಾ ಕೈಕೊಟ್ಟ ಕಡೆಗೆ ಹೀಗೇ ದಂಡಾಗಿ ಹೋಗುತ್ತಾರಂತೆ. ಊರೆಲ್ಲ ದೂರು ಕೇಳಿದವರ ಮಾತು ಎಂದು ಎಲ್ಲರೂ ಒಪ್ಪಿದರು.

ಹಾಗೆ ಒಂದು ಸಂಜೆ ನಾವೆಲ್ಲ ಆ ಒಂಟಿ ಕೋಣೆಯಲ್ಲಿ ತುಂಬಿಕೊಂಡೆವು. ಒಂದು ಮಂಚ, ಒಂದು ಕುರ್ಚಿ, ಕಿಟಕಿಯ ಕಟ್ಟೆಯ ಮೇಲೆ ಅರ್ಧ ಬ್ರೆಡ್ಡು. ಸೆಕ್ರೆಟರಿ ಹೂಗುಚ್ಛ ಕೊಟ್ಟರು. ಲೈಬ್ರರಿ ಮೇಡಂ ಬೇಕರಿಯ ಬಿಸ್ಕತ್ತುಗಳನ್ನು ತಟ್ಟೆಗೆ ಸುರಿದು ಮುಂದಿಟ್ಟರು. ಸೆಕ್ರೆಟರಿಯ ಭಾಷಣ ಶುರುವಾಯಿತು. "ಮಾನ್ಯರೇ, ಒಂದೇ ಸೂರಿನಡಿ ಇರೋ ನಾವು ಕೋರ್ಟು ಕಚೇರಿ ಅಂತ ಅಲೆಯೋದು ಶೋಭೆಯಲ್ಲ..."

ಜಡ್ಜ್ ಸಾಹೇಬರು ಒಂದು ಬಿಸ್ಕತ್ತು ತೆಗೆದುಕೊಂಡರು. ಭಾಷಣ ಟ್ಯಾಂಕಿಗೆ ಬರುವಷ್ಟರಲ್ಲಿ ಇನ್ನೊಂದು. ಮೆಟ್ಟಿಲ ಕಂಬಿಗೆ ಬರುವಷ್ಟರಲ್ಲಿ ತಟ್ಟೆಯ ಒಂದು ಬದಿ ಬರಿದಾಗಿತ್ತು.

"ಕೋಪದಲ್ಲಿ ತಿಂತಿದಾರೆ" ಎಂದು ಸೆಕ್ರೆಟರಿ ಭಾವನ ಕಿವಿಯಲ್ಲಿ ಹೇಳಿದರು. "ಹಲ್ಲು ಕಡಿಯೋದು ನೋಡಿ."

"ಇನ್ನೊಂದ್ಸಲ ಕ್ಷಮೆ ಕೇಳಿ" ಎಂದರು ಭಾವ.

ನಾನು ಅಕ್ಕನನ್ನು ನೋಡಿದೆ. ಅವಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಜಡ್ಜ್ ಸಾಹೇಬರು ಪ್ರತಿ ಬಿಸ್ಕತ್ತನ್ನೂ ಕಚ್ಚುವಾಗ ಎಡಗೈಯನ್ನು ಗದ್ದದ ಕೆಳಗೆ ಹಿಡಿಯುತ್ತಿದ್ದರು. ಕೈ ನಡುಗುತ್ತಿತ್ತು. ಅದರೊಳಗೆ ಬಿದ್ದ ಚೂರುಗಳನ್ನು ಎಲ್ಲರೂ ಸೆಕ್ರೆಟರಿಯ ಕಡೆ ನೋಡುತ್ತಿದ್ದಾಗ ಬಾಯಿಗೆ ಹಾಕಿಕೊಂಡರು. ಅಕ್ಕ ಕಿಟಕಿಯ ಬ್ರೆಡ್ಡನ್ನೂ, ಮೂಲೆಯಲ್ಲಿ ಧೂಳು ಹಿಡಿದ ಒಲೆಯನ್ನೂ ನೋಡಿದಳು. ಎದ್ದು ಕೆಳಗೆ ಬಂದುಬಿಟ್ಟಳು.

ನಾವು ಮನೆಗೆ ಬಂದಾಗ ಅವಳು ಗೋಡೆಗೆ ಒರಗಿ ನಿಂತಿದ್ದಳು.

"ಒಪ್ಪಿದ್ರು ಕಣೇ! ಕೇಸು ಹಾಕೇ ಇಲ್ವಂತೆ!" ಎಂದರು ಭಾವ.

"ಅವರಿಗೆ ಕೋಪ ಇಲ್ಲ ರೀ. ಹಸಿವು."

"ಏನು?"

"ಹಸಿವು ರೀ, ಹಸಿವು! ನಾವು ನಾಲ್ಕೂ ಮನೆಯೋರು ಸೇರಿ ಒಬ್ಬ ಮುದುಕರ ಊಟ ನಿಲ್ಲಿಸಿದೀವಿ. ನಿಲ್ಲಿಸಿ, ಬಾಗಿಲಿಗೆ ಬಣ್ಣ ಹೊಡೆಸ್ತಾ ಇದೀವಿ!"

ಭಾವ ಕೂತರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಕ್ಷಮಿಸಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಸಾವಿರ ಸಲ ಬೇಡದ ಕಡೆ ಖರ್ಚಾದ ಮಾತು ಬೇಕಾದ ಕಡೆ ಒದಗಲಿಲ್ಲ. ಎದ್ದವರೇ ಫ್ರೀಜರಿನಿಂದ ಡಬ್ಬಿಯೊಂದನ್ನು ತೆಗೆದು, ಬೇಯಿಸಿ, ಹೊಗೆಯಾಡುವ ಬಟ್ಟಲು ಹಿಡಿದು ಮೇಲಕ್ಕೆ ಓಡಿದರು. ಹಿಂದೆ ನಾನು.

ಬಟ್ಟಲು ಕಂಡೊಡನೆ ಜಡ್ಜ್ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ಮುಖ ಅರಳಿತು. "ಏನಪ್ಪ ಕೇಸು?"

"ಕೇಸು ಏನಿಲ್ಲ ಸಾರ್. ಸುಮ್ನೆ ಊಟ ಮಾಡಿ."

ಅರಳಿದ ಮುಖ ಹಾಗೇ ಮುದುಡಿತು. ಒಂದು ಚಮಚ ಬಾಯಿಗಿಟ್ಟು ನಿಧಾನವಾಗಿ ನುಂಗಿದರು. "ಉಪ್ಪು ಸರಿ. ಖಾರ ಸರಿ. ಹದವಾಗಿ ಬೆಂದಿದೆ. ಇದ್ರಲ್ಲಿ ನನ್ನಿಂದ ಆಗ್ಬೇಕಾದ್ದು ಏನೂ ಇಲ್ಲಪ್ಪ." ಬಟ್ಟಲನ್ನು ಭಾವನ ಕೈಗೆ ಹಿಂದಿರುಗಿಸಿದರು. "ನನ್ನ ಊಟ ಆಯ್ತು. ತಗೊಂಡು ಹೋಗು, ಆರತ್ತೆ."

ಭಾವ ಎಷ್ಟು ಬೇಡಿಕೊಂಡರೂ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಪೇಪರು ತಲೆಕೆಳಗಾಗಿತ್ತು. ಹೊಸ ಕನ್ನಡಕ ಹಾಕಿಕೊಂಡಿದ್ದ ಮನುಷ್ಯ!

ಕೆಳಗೆ ಬಂದು ಭಾವ ಆ ಬಟ್ಟಲನ್ನು ಮೇಜಿನ ಮೇಲಿಟ್ಟರು. "ಇದ್ರಲ್ಲಿ ತಪ್ಪೇ ಇಲ್ವಲ್ಲೇ" ಎಂದರು, ಅಳುವವರ ಹಾಗೆ. "ತಪ್ಪಿಲ್ದೆ ಇರೋದನ್ನ ಅವರಿಗೆ ಹ್ಯಾಗೆ ತಿನ್ಸೋದು?"

ಅಕ್ಕ ಅವರನ್ನು ನೋಡಿದಳು. ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮದುವೆಯಾದಾಗಿನಿಂದ ಗಂಡನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದು ನನಗೆ ನೆನಪಿಲ್ಲ. "ನಾಳೆ ನೀವೇ ಅಡುಗೆ ಮಾಡಿ" ಎಂದಳು. "ಡಬ್ಬಿ ಬೇಡ, ಹಲಗೆ ಬೇಡ. ನಿಮಗೆ ತೋಚಿದ ಹಾಗೆ ಮಾಡಿ. ನಾನು ಅಡುಗೆಮನೆ ಒಳಗೆ ಕಾಲಿಡಲ್ಲ."

ಮರುದಿನ ರಜೆ. ಮಧ್ಯಾಹ್ನದಿಂದಲೇ ಭಾವ ಟೊಂಕ ಕಟ್ಟಿ ನಿಂತರು. ಬೇಕೆಂದೇ ಕೆಡಿಸಿದರು ಎಂದು ದಯವಿಟ್ಟು ಯಾರೂ ಭಾವಿಸಬಾರದು. ಆ ಮನುಷ್ಯ ಪ್ರಾಮಾಣಿಕವಾಗಿ, ಮೈಯೆಲ್ಲ ಬೆವರಾಗಿ, ಚೆನ್ನಾಗಿಯೇ ಮಾಡಲು ಹೋದರು. ಕುಂಬಳಕಾಯಿ ಹೆಚ್ಚಿದರು: ಒಂದು ಹೋಳು ಹೆಬ್ಬೆರಳಿನಷ್ಟು, ಒಂದು ಪಾದದಷ್ಟು. ಬಟಾಣಿ ನೆನೆಸಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಉಪ್ಪು ಹಾಕಿದರು, ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಇನ್ನೊಮ್ಮೆ ಹಾಕಿದರು, ನನ್ನನ್ನು ಕೇಳಿದಾಗ ನಾನು, "ಎಲ್ಲಿ ಹಾಕಿದ್ರಿ ಭಾವ?" ಎಂದುಬಿಟ್ಟೆ. ತಳ ಹತ್ತಿತು. ನೀರು ಸುರಿದರು. ನೀರು ಜಾಸ್ತಿಯಾಯಿತೆಂದು ಹಿಟ್ಟು ಕದಡಿದರು. ಹಿಟ್ಟು ಗಂಟಾಯಿತು. ಗಂಟು ಒಡೆಯಲು ನಿಂಬೆಹಣ್ಣು ಹಿಂಡಿದರು. ಯಾಕೆ ಎಂದು ಕೇಳಿದ್ದಕ್ಕೆ "ಏನಾದ್ರೂ ಮಾಡ್ಬೇಕಲ್ಲಯ್ಯ!" ಎಂದು ಗದರಿದರು.

ವಾಸನೆ ಮೆಟ್ಟಿಲಿಗೆ ಹಬ್ಬಿತು. ಕನ್ನಡಕದವರು ವೈರು ಸುಟ್ಟಿದೆಯೆಂದು ಕರೆಂಟಿನ ಪೆಟ್ಟಿಗೆ ನೋಡಿದರು. ಸೆಕ್ರೆಟರಿ ಮರಳಿನ ಬಕೆಟ್ಟು ಹಿಡಿದು ಬಂದರು. ಲೈಬ್ರರಿ ಮೇಡಂ ಮೂಗಿಗೆ ಕರವಸ್ತ್ರ ಹಿಡಿದು ಇಳಿದು ಬಂದರು. ಎಲ್ಲರ ನಡುವೆ ದಾರಿ ಬಿಡಿಸಿಕೊಂಡು ಭಾವ ಪಾತ್ರೆಯನ್ನೇ ಎತ್ತಿಕೊಂಡು ಮೇಲೆ ಹೊರಟರು. ಬಟ್ಟಲು ಮತ್ತು ಚಮಚ ನನ್ನ ಕೈಯಲ್ಲಿ.

"ಸಾಹೇಬ್ರೇ" ಎಂದರು ಭಾವ. "ನಾನೇ ಮಾಡ್ದೆ. ಏನಾಗಿದೆಯೋ ನನಗೆ ಗೊತ್ತಾಗ್ತಿಲ್ಲ. ದಯವಿಟ್ಟು ನೋಡಿ ಹೇಳಿ."

ಜಡ್ಜ್ ಸಾಹೇಬರು ಒಂದು ಚಮಚ ಬಾಯಿಗಿಟ್ಟರು. ಹುಬ್ಬು ಮೇಲೇರಿತು. ಕಣ್ಣು ಮುಚ್ಚಿತು. ಗಂಟಲಲ್ಲಿ ಏನೋ ಇಳಿಯಲೋ ಬೇಡವೋ ಎಂದು ಯೋಚಿಸಿ ಇಳಿಯಿತು. ಆಮೇಲೆ, ಎಷ್ಟೋ ದಿನಗಳ ಮೇಲೆ, ಆ ಗಂಟಲು ತೆರೆಯಿತು.

"ಇದೇನಯ್ಯ ಇದು!"

ಮೂರು ಮಹಡಿಗೂ ಕೇಳಿಸಿತು.

"ಉಪ್ಪು ಯಾರಯ್ಯ ಹಾಕಿದ್ದು, ಒಬ್ಬರಾ ಇಬ್ಬರಾ? ಕುಂಬಳಕಾಯಿ ಹೆಚ್ಚಿದಾರೋ ಒದ್ದು ಒಡೆದಿದಾರೋ? ಈ ಬಟಾಣಿ... ಹಾಕು ಇನ್ನೊಂದು ಬಟ್ಟಲು, ಬಟಾಣಿ ವಿಚಾರ ಬೇರೇನೇ ನೋಡ್ಬೇಕು. ನಿಂಬೆಹಣ್ಣು! ನಿಂಬೆಹಣ್ಣಿಗೂ ಈ ಕೇಸಿಗೂ ಏನಯ್ಯ ಸಂಬಂಧ? ಇನ್ನಷ್ಟು ಹಾಕು."

ಬೈಯುತ್ತಾ ಉಂಡರು. ಉಣ್ಣುತ್ತಾ ಬೈದರು. ಬ್ರೆಡ್ಡು ಮುರಿದು ಅದ್ದಿಕೊಂಡು ಬೈದರು. ಭಾವ ಕೈಕಟ್ಟಿ, ತಲೆ ಬಗ್ಗಿಸಿ, ಒಂದೊಂದು ಬೈಗುಳಕ್ಕೂ "ಹೌದು ಸಾರ್, ಹೌದು ಸಾರ್" ಎನ್ನುತ್ತಾ ಬಡಿಸಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ, ನನ್ನ ಕಣ್ಣಿಗೂ ಏನೋ ಬಿದ್ದಿತ್ತು. ಕಡೆಗೆ ಪಾತ್ರೆಯ ತಳದ ಸೀದ ಪದರ ಮಾತ್ರ ಉಳಿಯಿತು. ಜಡ್ಜ್ ಸಾಹೇಬರು ನೀರು ಕುಡಿದು, ಬೆನ್ನು ಹಿಂದಕ್ಕೆ ಆನಿಸಿ, ಭಾವನ ಮುಖ ನೋಡಿದರು.

"ಕಲೀತೀಯಪ್ಪ" ಎಂದರು. ದನಿ ಮೆತ್ತಗಾಗಿತ್ತು. "ದಿನಾ ತಗೊಂಡು ಬಾ. ನಾನು ಹೇಳಿಕೊಡ್ತೀನಿ." ಪಾತ್ರೆ ನೋಡಿ, ಮತ್ತೆ ಹೇಳಿದರು: "ಆದ್ರೆ ಆತುರಪಟ್ಟು ಕಲ್ತುಬಿಡಬೇಡ."

ಭಾವ ಖಾಲಿ ಪಾತ್ರೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನಮ್ಮ ಬಾಗಿಲ ಮುಂದೆ ಎಲ್ಲರೂ ನಿಂತಿದ್ದರು, ಸೆಕ್ರೆಟರಿಯ ಕೈಯಲ್ಲಿ ಇನ್ನೂ ಮರಳಿನ ಬಕೆಟ್ಟು.

"ಅಯ್ಯೋ ಪಾಪ, ಅಷ್ಟೊಂದು ಬೈದ್ರಾ? ಕೆಳಗಿನವರೆಗೂ ಕೇಳಿಸ್ತು" ಎಂದರು ಸೆಕ್ರೆಟರಿ.

"ಬಾಯಿಗೆ ಬಂದ ಹಾಗೆ ಬೈದ್ರು" ಎಂದರು ಭಾವ, ಮುಖದ ತುಂಬ ನಗು. "ನಾಳೆನೂ ಬಯ್ತಾರಂತೆ!"

ಕನ್ನಡಕದವರು ಪಾತ್ರೆಯೊಳಗೆ ಬಗ್ಗಿ ನೋಡಿದರು. ಅಕ್ಕನ ಮುಖ ನೋಡಿದರು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಲೈಬ್ರರಿ ಮೇಡಂ ಮೆಲ್ಲಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಲ್ಲರಿಗಿಂತ ತಡವಾಗಿ ಹೊಳೆದದ್ದು ಸೆಕ್ರೆಟರಿಗೆ. ಅವರು ಬಕೆಟ್ಟನ್ನು ಕೆಳಗಿಟ್ಟರು. ಕತ್ತೆತ್ತಿ ಮೇಲಿನ ಮಹಡಿಯನ್ನು ನೋಡಿದರು. ಗಂಟಲು ಸರಿ ಮಾಡಿಕೊಂಡರು.

"ಹಾಗಾದ್ರೆ... ನಮ್ಮನೇದೂ ಒಂದು ಬಟ್ಟಲು ಬೈಸ್ಕೊಂಡು ಬರ್ಲಾ?"

"ಇವತ್ತು ಬೇಡ" ಎಂದಳು ಅಕ್ಕ. "ಅವರ ಹೊಟ್ಟೆ ತುಂಬಿದೆ."